ತಂತಿಯಿಲ್ಲದ ಈಥರ್ನೆಟ್‌ಗಾಗಿ ಎರಡು ನಿಮಿಷ ಕಾಯುವ ಬೋರ್ಡ್

ಪ್ರಶ್ನೆ (ಹೊಳಲ್ಕೆರೆ ತಾಲ್ಲೂಕಿನಿಂದ):

ನಮ್ಮ ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ಲಿನಕ್ಸ್ ನಡೆಯುವ ಒಂದು ಸಣ್ಣ ಆರ್ಮ್ ಬೋರ್ಡ್ (ಪುಟ್ಟ ಕಂಪ್ಯೂಟರ್) ಇಟ್ಟಿದ್ದೇನೆ. ಮೂರು ಫೇಸಿನ ವೋಲ್ಟೇಜ್ ಮತ್ತು ಮೋಟಾರಿನ ಕರೆಂಟ್ ಅಳೆದು, ಕೊಳವೆಬಾವಿಯಲ್ಲಿ ನೀರು ಇಳಿದರೆ ರಿಲೇ (ಬೋರ್ಡ್ ನಡೆಸುವ ಸ್ವಿಚ್) ಮೂಲಕ ಮೋಟಾರ್ ನಿಲ್ಲಿಸುವುದು ಅದರ ಕೆಲಸ. ತ್ರೀಫೇಸ್ ಬಂದ ಕೂಡಲೇ ಸ್ಟಾರ್ಟರ್ ಆಟೋದಲ್ಲಿ ಮೋಟಾರನ್ನು ಎಬ್ಬಿಸುತ್ತದೆ, ಆದರೆ ಅದೇ ಲೈನಿನಿಂದ ಏಳುವ ಬೋರ್ಡ್ ಸಿದ್ಧವಾಗಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯುವುದರಿಂದ ಅಷ್ಟು ಹೊತ್ತು ಮೋಟಾರಿಗೆ ಕಾವಲೇ ಇರುವುದಿಲ್ಲ. ಬೋರ್ಡಿನ ಸಂದೇಶ ತೋರಿಸುವ ಸೀರಿಯಲ್ ಕನ್ಸೋಲಿನಲ್ಲಿ ಕೆಂಪು ನಕ್ಷತ್ರಗಳು ಅತ್ತಿತ್ತ ಓಡಾಡುತ್ತ, ‘ವೇಟ್ ಫಾರ್ ನೆಟ್‌ವರ್ಕ್ ಟು ಬಿ ಕಾನ್ಫಿಗರ್ಡ್’ ಎಂಬ ಸಾಲಿನ ಪಕ್ಕದಲ್ಲಿ ‘ನೋ ಲಿಮಿಟ್’ ಎಂದು ಕಾಣುತ್ತದೆ. ಬೋರ್ಡಿಗೆ ಈಥರ್ನೆಟ್ ತಂತಿ ಹಾಕಿಲ್ಲ, ಯುಎಸ್‌ಬಿ ಡಾಂಗಲ್ (ಮೊಬೈಲ್ ಇಂಟರ್ನೆಟ್ ಕೊಡುವ ಕಡ್ಡಿ) ಒಂದೇ ಇದೆ. ಹೀಗೆ ಕಾಯುವ ವೇಟ್ ಸರ್ವಿಸನ್ನು (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ಮಾಸ್ಕ್ ಮಾಡಿದೆ, ಅಂದರೆ ಏಳದಂತೆ ಪೂರ್ತಿ ತಡೆದೆ. ಬೂಟ್ ಚುರುಕಾಯಿತು, ಆದರೆ ಮನೆಗೆ ಮಾಹಿತಿ ಕಳುಹಿಸುವ ಪ್ರೋಗ್ರಾಂ ನೆಟ್‌ವರ್ಕ್ ಸಿಗದೆ ಆರಂಭದಲ್ಲಿಯೇ ಸತ್ತುಹೋಗುತ್ತಿದೆ.

ಉತ್ತರ (ದಾವಣಗೆರೆಯಿಂದ):

ಸರ್, ‘ನೋ ಲಿಮಿಟ್’ ಎಂದು ಬರೆದಿದ್ದರೂ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್ ಎಂಬ ಆ ವೇಟ್ ಸರ್ವಿಸ್ ತನ್ನದೇ ಗಡುವಾದ 120 ಸೆಕೆಂಡ್ ಮುಗಿದ ಮೇಲೆ ಕೈಬಿಡುತ್ತದೆ. ನಿಮ್ಮ ಎರಡು ನಿಮಿಷ ಅದೇ. ನೆಟ್‌ವರ್ಕ್ ನಿಭಾಯಿಸುವ ನೆಟ್‌ವರ್ಕ್‌ಡಿ ಎಂಬ ಸರ್ವಿಸ್ ನೋಡಿಕೊಳ್ಳುವ ಎಲ್ಲ ಸಂಪರ್ಕಗಳೂ ಸಿದ್ಧವಾಗಲೆಂದು ಅದು ಕಾಯುತ್ತದೆ, ಮತ್ತು ತಂತಿಯಿಲ್ಲದ ಈಥರ್ನೆಟ್ ಎಂದಿಗೂ ಸಿದ್ಧವಾಗುವುದಿಲ್ಲ. ಮಾಸ್ಕ್ ಮಾಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಮದ್ದಲ್ಲ. ಈಥರ್ನೆಟ್‌ನ ‘.ನೆಟ್‌ವರ್ಕ್’ ಕಡತದಲ್ಲಿ, ಲಿಂಕ್ ವಿಭಾಗದ ಕೆಳಗೆ ‘ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ’ ಎಂದು ಬರೆದು ಮಾಸ್ಕ್ ತೆಗೆಯಿರಿ. ಆಗ ಡಾಂಗಲ್ ಒಂದಕ್ಕೇ ಕಾಯುತ್ತದೆ.

ಆದರೆ ನಿಜವಾದ ತಪ್ಪು ಬೇರೆ ಕಡೆ ಇದ್ದಂತಿದೆ. ಕರೆಂಟ್ ಅಳೆದು ರಿಲೇ ಬೀಳಿಸುವುದಕ್ಕೆ ಇಂಟರ್ನೆಟ್ ಏಕೆ ಬೇಕು? ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’ ಎಂಬ ಆದೇಶದ ಮುಂದೆ ನಿಮ್ಮ ಸರ್ವಿಸಿನ ಹೆಸರು ಕೊಟ್ಟು, ಅದು ಯಾರ ಹಿಂದೆ ನಿಂತಿದೆ ಎಂದು ನೋಡಿ. ಅದರದೇ ‘ಬ್ಲೇಮ್’ ಆದೇಶ ಯಾರಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನಷ್ಟೇ ಹೇಳುತ್ತದೆ, ಯಾರಿಗಾಗಿ ಯಾರು ಕಾದರು ಎಂಬುದನ್ನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:

ನೀವು ಹೇಳಿದಂತೆಯೇ ಇತ್ತು ಸರ್. ಯಾವುದೋ ಮಾದರಿಯಿಂದ ನಕಲು ಮಾಡಿದ ಯೂನಿಟ್ ಕಡತದಲ್ಲಿ (ಸರ್ವಿಸ್ ಯಾವಾಗ, ಹೇಗೆ ಏಳಬೇಕೆಂದು ಹೇಳುವ ಕಡತ) ‘ಆಫ್ಟರ್’ ಮತ್ತು ‘ವಾಂಟ್ಸ್’ ಎರಡಕ್ಕೂ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಎಂದಿತ್ತು, ಅಂದರೆ ನೆಟ್‌ವರ್ಕ್ ಸಿದ್ಧವಾಗುವ ಹಂತದ ನಂತರವೇ ಏಳು ಎಂದು. ಅಳೆಯುವುದೂ ಕಳುಹಿಸುವುದೂ ಒಂದೇ ಪ್ರೋಗ್ರಾಂ ಆಗಿದ್ದರಿಂದ ಅದನ್ನು ಒಡೆದು ಎರಡು ಸರ್ವಿಸ್ ಮಾಡಿದೆ. ಕಾವಲಿನ ಸರ್ವಿಸಿನಿಂದ ಆ ಎರಡು ಸಾಲು ತೆಗೆದೆ, ಕಳುಹಿಸುವ ಸರ್ವಿಸಿನಲ್ಲಿ ಮಾತ್ರ ಉಳಿಸಿದೆ. ಈಗ ವಿದ್ಯುತ್ ಬಂದ 18 ಸೆಕೆಂಡಿಗೆ ರಿಲೇ ನನ್ನ ಹಿಡಿತಕ್ಕೆ ಬರುತ್ತದೆ. ಒಂದು ತೊಡಕು ಉಳಿದಿದೆ: ಮೊದಲ ಕೆಲವು ದಾಖಲೆಗಳಲ್ಲಿ ಹಿಂದಿನ ಸಲ ಕರೆಂಟ್ ಹೋದ ಹೊತ್ತಿನ ಗಡಿಯಾರವೇ ಇರುತ್ತದೆ.

ಉತ್ತರ (ದಾವಣಗೆರೆಯಿಂದ):

ನಿಮ್ಮ ಬೋರ್ಡಿನಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಸಮಯ ಹೊಂದಿಸುವ ಟೈಮ್‌ಸಿಂಕ್‌ಡಿ ಸರ್ವಿಸ್ ತಾನು ಕೊನೆಗೆ ಬರೆದಿಟ್ಟ ಸಮಯದಿಂದ ಆರಂಭಿಸಿ, ನೆಟ್‌ವರ್ಕ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತದೆ. ಸಮಯ ಸರಿಹೋಗಲೆಂದು ಕಾವಲಿನ ಸರ್ವಿಸನ್ನು ಮತ್ತೆ ಕಾಯಿಸಬೇಡಿ, ಹಳೆಯ ರೋಗವೇ ಮರಳುತ್ತದೆ. ಸಿಆರ್2032 ಬಟನ್ ಸೆಲ್ ಹಾಕುವ ಡಿಎಸ್3231 ಗಡಿಯಾರದ ಮಾಡ್ಯೂಲನ್ನು ಬೋರ್ಡಿನ ಐ2ಸಿ ತಂತಿಗಳಿಗೆ ಜೋಡಿಸಿ. ಕಳುಹಿಸುವ ಸರ್ವಿಸಿಗೆ ‘ರೀಸ್ಟಾರ್ಟ್=ಆಲ್ವೇಸ್’ ಮತ್ತು ‘ರೀಸ್ಟಾರ್ಟ್‌ಸೆಕ್=30’ ಸೇರಿಸಿ, ಸತ್ತರೆ 30 ಸೆಕೆಂಡ್ ಬಿಟ್ಟು ಮತ್ತೆ ಏಳುತ್ತದೆ, ಏಕೆಂದರೆ ‘ನೆಟ್‌ವರ್ಕ್-ಆನ್‌ಲೈನ್’ ಟಾರ್ಗೆಟ್ ಬೂಟಿನ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ, ಮಧ್ಯಾಹ್ನ ಟವರ್ ಬಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು:

ರೀಸ್ಟಾರ್ಟ್ ಸಾಲುಗಳನ್ನು ಸೇರಿಸಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿ ನೋಡಿದೆ. ಅರ್ಧ ನಿಮಿಷ ಕಳೆದ ಮೇಲೆ ತಾನಾಗಿಯೇ ಮಾಹಿತಿ ಕಳುಹಿಸತೊಡಗಿತು. ಗಡಿಯಾರದ ಮಾಡ್ಯೂಲ್ ತರಲು ಸೋಮವಾರ ದಾವಣಗೆರೆಗೆ ಬರುತ್ತೇನೆ.