ಫ್ರಿಜ್ ಮೂರೂವರೆ ವರ್ಷಕ್ಕ ಕೈ ಕೊಟ್ಟದ, ರಿಪೇರಿನೋ ಹೊಸದೋ? ಅನುಭವ ಇದ್ದೋರು ಹೇಳ್ರಿ

ಕೇಳಿದ್ದು, ರಾಯಚೂರಿನಿಂದ:

ನಮ್ದು ಡಬಲ್ ಡೋರ್ ಫ್ರಾಸ್ಟ್ ಫ್ರೀ (ಹಿಮ ತಾನೇ ಕರಗಿಸ್ಕೊಳ್ಳೋದು), ಇನ್ವರ್ಟರ್ ಕಂಪ್ರೆಸರ್ ಇರೋದು, ತಗೊಂಡು ಮೂರೂವರೆ ವರ್ಷ ಆಗ್ಯದ. ಹೋದ ವಾರದಿಂದ ಮ್ಯಾಲ ಫ್ರೀಜರ್‌ನ್ಯಾಗ ಐಸ್ ಚಲೋನೇ ಆಗ್ತದ, ಕೆಳಗ ಇಟ್ಟ ಹಾಲು ಮಾತ್ರ ಮಧ್ಯಾಹ್ನದೊಳಗ ಒಡೀಲಿಕತ್ಯದ, ಕೊತ್ತಂಬ್ರಿ ಒಂದೇ ದಿನಕ್ಕ ಬಾಡ್ತದ. ಒಬ್ಬ ಮೆಕ್ಯಾನಿಕ್ ಬಂದು ಐದು ನಿಮಿಷ ನೋಡಿ ಕಂಪ್ರೆಸರ್ ಹೋಗ್ಯದ 9,000 ಆಗ್ತದ ಅಂದ್ರು. ನಮ್ಮವ್ವನ ಮನ್ಯಾಗ 1996ರಾಗ ತಗೊಂಡಿದ್ದ ಸಿಂಗಲ್ ಡೋರ್ ಇನ್ನೂ ನಡೀತದ, ಈಗಿನವು ಯಾಕ ಹಿಂಗ? ರಿಪೇರಿ ಮಾಡಿಸ್ಲೋ ಮಾರಿ ಹೊಸದು ತಗೊಳ್ಲೋ ತಿಳೀವಲ್ದು.

ಸಿಂಧನೂರಿನಿಂದ:

ತಡೀರಿ, ರೊಕ್ಕ ಈಗ್ಲೇ ಕೊಡಬ್ಯಾಡ್ರಿ. ಕಂಪ್ರೆಸರ್ ಹೋಗಿದ್ರ ಫ್ರೀಜರ್‌ನ ಐಸೂ ಕರಗಬೇಕಿತ್ತು. ಮ್ಯಾಲ ಐಸ್ ಆಗ್ಲಿಕತ್ಯದ ಕೆಳಗ ಮಾತ್ರ ತಂಪಿಲ್ಲ ಅಂದ್ರ ಗಾಳಿ ಕೆಳಗ ಬರ್ತಿಲ್ಲ ಅಂತ ಅರ್ಥ, ನಮ್ಮ ಮನ್ಯಾಗ ಎರಡು ವರ್ಷದ ಹಿಂದ ಖರೇನೇ ಇದೇ ಆಗಿತ್ತು. ಫ್ರಾಸ್ಟ್ ಫ್ರೀದಾಗ ತಂಪು ಮಾಡೋ ಕಾಯಿಲ್ ಒಂದೇ ಇರ್ತದ, ಫ್ರೀಜರ್ ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗ, ಅಲ್ಲಿಂದ ಒಂದು ಸಣ್ಣ ಫ್ಯಾನು ತಂಪು ಗಾಳಿನ ಕೆಳಗ ದಬ್ತದ. ಆ ಕಾಯಿಲ್ ಮ್ಯಾಲ ಕೂಡೋ ಹಿಮಾನ ಆಗಾಗ ಕರಗಿಸ್ಲಿಕ್ಕ ಒಂದು ಹೀಟರ್ ಇರ್ತದ, ಹೀಟರ್ ಆಗ್ಲಿ ಅದರ ಫ್ಯೂಸ್ ಆಗ್ಲಿ ಸೆನ್ಸರ್ ಆಗ್ಲಿ ಹೋದ್ರ ಹಿಮ ಕೂಡ್ತಾ ಕೂಡ್ತಾ ಗಾಳಿ ದಾರಿನೇ ಮುಚ್ಚಿಬಿಡ್ತದ. ನಮ್ದು ಪ್ಯಾನೆಲ್ ಬಿಚ್ಚಿದಾಗ ನೋಡ್ಬೇಕಿತ್ತು, ಕಾಯಿಲ್ ಕಾಣಲೇ ಇಲ್ಲ, ಬರೇ ಬೆಳ್ಳಗ ಉಪ್ಪಿನ ಗಡ್ಡಿ ಇಟ್ಟಂಗ ಐಸು, ಫ್ಯಾನಿನ ರೆಕ್ಕಿ ಅದಕ್ಕ ಬಡದು ಟಕ ಟಕ ಅಂತಿತ್ತು.

ನೀವು ಮನ್ಯಾಗೇ ಪರೀಕ್ಷೆ ಮಾಡ್ಬಹುದು. ಸಾಮಾನೆಲ್ಲ ತಗದು, ಪ್ಲಗ್ ಕಿತ್ತಿ, ಎರಡೂ ಬಾಗ್ಲ ತಗದಿಟ್ಟು ಒಂದಿಡೀ ದಿನ ಬಿಡ್ರಿ, ಕೆಳಗ ಹಳೇ ಟವೆಲ್ ಹಾಕ್ರಿ ನೀರು ಬಾಳ ಬರ್ತದ. ಚಾಕು ಸ್ಕ್ರೂಡ್ರೈವರ್ ಹಾಕಿ ಐಸ್ ಕೆದಕಬ್ಯಾಡ್ರಿ. ಆಮ್ಯಾಲ ಚಾಲೂ ಮಾಡಿದ್ರ ಕೆಳಗೂ ಮೊದಲಿನಂಗ ತಂಪಾಗಿ, ಒಂದೆರಡು ವಾರದಾಗ ಮತ್ತ ಅದೇ ಕಥಿ ಆದ್ರ ಡಿಫ್ರಾಸ್ಟ್ ಲೈನಿಂದೇ (ಹಿಮ ಕರಗಿಸೋ ಹೀಟರ್, ಫ್ಯೂಸು, ಸೆನ್ಸರಿಂದು) ತೊಂದ್ರಿ, ಕಂಪ್ರೆಸರಿಂದಲ್ಲ. ಒಂದು ದಿನ ಬಿಟ್ಟ ಮ್ಯಾಲೂ ಕೆಳಗ ತಂಪು ಬರ್ಲಿಲ್ಲ ಅಂದ್ರ ಫ್ಯಾನು ಇಲ್ಲಾ ಗಾಳಿ ಬಿಡೋ ಡ್ಯಾಂಪರ್ ನೋಡಿಸ್ರಿ. ನಂಗ ಫ್ಯೂಸು, ಸೆನ್ಸರು, ಕೂಲಿ ಎಲ್ಲ ಸೇರಿ 1,400 ಆತು. ನಮಗೂ ಮೊದಲು ಬಂದವ್ರು ತಂಪು ಮಾಡೋ ಗ್ಯಾಸ್ ಹೋಗ್ಯದ ಅಂದಿದ್ರು.

ಇನ್ನ ಅವ್ವೋರ 1996ರ ಫ್ರಿಜ್ ಮಾತು. ಆಗಿನದ್ರಾಗ ಒಂದು ಥರ್ಮೋಸ್ಟಾಟು, ಕಂಪ್ರೆಸರ್ ಚಾಲೂ ಮಾಡೋ ಒಂದು ರಿಲೇ, ಒಂದು ಕಂಪ್ರೆಸರು, ಅಷ್ಟೇ, ಕೆಡ್ಲಿಕ್ಕ ಏನೂ ಇರ್ಲಿಲ್ಲ. ಫ್ಯಾನು, ಹೀಟರ್, ಸೆನ್ಸರು, ಎಲೆಕ್ಟ್ರಾನಿಕ್ ಬೋರ್ಡು ಎಲ್ಲ ಅಂಥ ಸಿಂಗಲ್ ಡೋರ್‌ನ್ಯಾಗ ಇರ್ತಿರ್ಲಿಲ್ಲ. ಆದ್ರ ಅದೇ ಕಾಲದಾಗ ತಗೊಂಡು ಕೆಟ್ಟು ಗುಜರಿಗೆ ಹೋದವು ಎಷ್ಟವ ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಉಳದಿದ್ದಷ್ಟೇ ನಮ್ಮ ಕಣ್ಣಿಗೆ ಬೀಳ್ತಾವ. ಹಳೇವು ಕರೆಂಟೂ ಜಾಸ್ತಿ ತಿಂತಾವ. ಹಂಗಂತ ಈಗಿನವು ಗಟ್ಟಿ ಅಂತ ನಾ ಹೇಳೋದಿಲ್ಲ.

ಬಳ್ಳಾರಿಯಿಂದ:

ಮೇಲಿನವರು ಹೇಳಿದ್ದು ಸರಿ ಐತೆ. ನಂದು ಬೇರೆ ಕಥೆ, ಬೋರ್ಡ್ ಸುಟ್ಟಿದ್ದು. ಡೋರ್ ಮೇಲೆ ದೊಡ್ಡಕ್ಷರದಲ್ಲಿ 10 ವರ್ಷ ವಾರಂಟಿ ಅಂತ ಸ್ಟಿಕ್ಕರ್ ಇತ್ತು, ಎರಡನೇ ವರ್ಷಕ್ಕೆ ಆ ಬೋರ್ಡ್ (ಪಿಸಿಬಿ) ಹೋಯ್ತು, ಫೋನ್ ಮಾಡಿದ್ರೆ ಆ 10 ವರ್ಷ ಕಂಪ್ರೆಸರ್‌ಗೆ ಮಾತ್ರ ಸಾರ್, ಉಳಿದಿದ್ದಕ್ಕೆಲ್ಲ ಒಂದು ವರ್ಷ ಅಂದ್ರು. ಕಾರ್ಡ್ ತೆಗೆದು ನೋಡಿದ್ರೆ ಸಣ್ಣಕ್ಷರದಲ್ಲಿ ಹಂಗೇ ಇತ್ತು, ಕಂಪ್ರೆಸರ್ ಬದಲಿಸಿದ್ರೂ ಗ್ಯಾಸು ಕೂಲಿ ನಮ್ದೇ ಅಂತನೂ ಇತ್ತು. ನಿಮ್ದೂ ಕಾರ್ಡ್ ತೆಗೆದು ಓದಿ, ಕಂಪ್ರೆಸರ್‌ಗೆ ಇನ್ನೂ ವಾರಂಟಿ ಇರೋ ಸಾಧ್ಯತೆ ಜಾಸ್ತಿ, ಇದ್ರೆ ಕಂಪನಿಯವರನ್ನೇ ಕರೆಸಿ, ಹೊರಗಿನವರಿಗೆ 9,000 ಯಾಕೆ. ಕಂಪನಿಯವರೂ ಸತಾಯಿಸಿದ್ರೆ ಗ್ರಾಹಕ ಸಹಾಯವಾಣಿ 1915 ಐತೆ, ಕಂಪ್ಲೇಂಟ್ ನಂಬರ್ ಇಸ್ಕೊಳ್ಳಿ.

ಬೋರ್ಡ್ ಯಾಕೆ ಹೋಯ್ತು ಅಂದ್ರೆ ವೋಲ್ಟೇಜ್. ಸ್ಟೆಬಿಲೈಜರ್ ಬೇಕಾಗಿಲ್ಲ ಅಂತ ಅಂಗಡಿಯಲ್ಲಿ ಹೇಳಿದ್ರು, ನಾನು ನಂಬಿದೆ. ನಮ್ಮ ಏರಿಯಾದಲ್ಲಿ ಸಾಯಂಕಾಲ 170 ವೋಲ್ಟ್‌ಗೆ ಬೀಳುತ್ತೆ, ಅದಕ್ಕಿಂತ ಕೆಟ್ಟದ್ದು ಅಂದ್ರೆ ಕರೆಂಟ್ ಹೋಗಿ ಬರೋ ಆ ಕ್ಷಣದ ಹೊಡೆತ. ಈಗ ಮೂರ್ನಾಲ್ಕು ನಿಮಿಷ ತಡೆದು ಕರೆಂಟ್ ಬಿಡೋ ಸ್ಟೆಬಿಲೈಜರ್ ಹಾಕಿದೀನಿ, ಮಾಮೂಲಿ ಕಂಪ್ರೆಸರ್ ಇರೋರಿಗೂ ಅದೇ ಬೇಕು, ನಿಂತ ಕೂಡಲೇ ಮತ್ತೆ ಶುರು ಆದ್ರೆ ಒಳಗಿನ ಪ್ರೆಶರ್ ಇಳಿದಿರಲ್ಲ, ಎಳೆಯೋಕಾಗದೆ ಟಕ್ ಅಂತ ಟ್ರಿಪ್ ಆಗ್ತಾ ಇರುತ್ತೆ.

ಇನ್ನೊಂದು, ನಮ್ಮೂರ ಕೆಂಪು ಧೂಳು. ಹಿಂದೆ ಜಾಲರಿ ಕಾಯಿಲ್ ಇರೋ ಫ್ರಿಜ್ ಆದ್ರೆ ಮೂರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಬ್ರಷ್ ಹಾಕಿ, ನಮ್ಮತ್ತೆ ಮನೇಲಿ ಒಮ್ಮೆ ಗುಡಿಸಿದಾಗ ಅದಿರು ಲಾರಿ ಹಿಂದೆ ನಿಂತಂಗೆ ಆಗಿತ್ತು. ಈಗಿನವುಗಳಲ್ಲಿ ಆ ಪೈಪು ಸೈಡ್ ಗೋಡೆ ಒಳಗೇ ಇರುತ್ತೆ, ಅದಕ್ಕೇ ಪಕ್ಕ ಬಿಸಿ ಆಗೋದು, ಅದು ಫಾಲ್ಟ್ ಅಲ್ಲ, ಆದ್ರೆ ಎರಡೂ ಕಡೆ ನಾಲ್ಕು ಬೆರಳಾದ್ರೂ ಜಾಗ ಬಿಡಿ. ಹಿಂದಿನ ಸ್ಟಿಕ್ಕರ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಇರುತ್ತೆ ನೋಡಿ, ಟಿ ಅಂದ್ರೆ 43 ಡಿಗ್ರಿ ತನಕ ತಡೆಯುವಂಗೆ ಮಾಡಿದ್ದು, ಎಸ್‌ಟಿ ಅಂದ್ರೆ 38. ಮೇ ತಿಂಗಳಲ್ಲಿ ತಗಡಿನ ಅಡುಗೆಮನೆ ಒಳಗೆ ಎಷ್ಟಿರುತ್ತೆ ನಿಮಗೇ ಗೊತ್ತು, ಸಾಧ್ಯ ಆದ್ರೆ ಫ್ರಿಜ್ ನಡುಮನೆಗೆ ತಂದುಬಿಡಿ.

ಕೊಪ್ಪಳದಿಂದ:

ಚಾಕು ಹಾಕಬ್ಯಾಡ್ರಿ ಅಂದಿದ್ದಕ್ಕ ಬರಿಯಾಕತ್ತೀನಿ. ನಮ್ದು ಸಿಂಗಲ್ ಡೋರು, ಐಸ್ ಟ್ರೇ ಅಂಟಿತ್ತಂತ ಚಾಕು ತುದಿ ಹಾಕಿ ಎಬ್ಬಿಸಿದ್ವಿ, ಸುಸ್ ಅಂತ ಸಪ್ಪಳ ಬಂತು, ಅಲ್ಲಿಗೆ ಮುಗೀತು. ಗ್ಯಾಸ್ ಹರಿಯೋ ಫ್ರೀಜರಿನ ಗ್ವಾಡಿ ತೆಳ್ಳನ ಅಲ್ಯೂಮಿನಿಯಮ್, ತೂತು ಬಿದ್ದು ಗ್ಯಾಸ್ ಸೋರ್ತು. ಕಿಟಕಿ ಬಾಗ್ಲಾ ತಗದು, ಸ್ಟವ್ ಹಚ್ಚದಂಗ ನೋಡ್ಕೊಂಡಿದ್ದು ಪುಣ್ಯ, ಯಾಕಂದ್ರ ಈಗಿನ ಬಾಳ ಫ್ರಿಜ್ಜಿನ್ಯಾಗ ಆರ್600ಎ ಅನ್ನೋ ಹೊತ್ತಿ ಉರಿಯೋ ಗ್ಯಾಸ್ ಐತಿ, ಇರೋದು ಹತ್ತಾರು ಗ್ರಾಂ ಅಷ್ಟೇ ಆದ್ರೂ ಬೆಂಕಿ ಬೆಂಕೀನ. ಗ್ಯಾಸ್ ತುಂಬಸೋದಾದ್ರ ಬಂದವ್ರ ಹತ್ರ ಪೈಪಿನ ಗಾಳಿ ಹೊರಗ ಎಳಿಯೋ ವ್ಯಾಕ್ಯೂಮ್ ಪಂಪು, ಗ್ಯಾಸ್ ತೂಗೋ ಕಾಟಾ ಐತೇನು ಕೇಳ್ರಿ. ನಮಗ ಮೊದಲ್ನೇದಾವ್ರು ಎರಡೂ ಇಲ್ದ ಅಂದಾಜಿನ ಮ್ಯಾಲ ತುಂಬಿ ಹೋದ್ರು, ತಿಂಗಳೊಳಗ ತಂಪು ಹೋತು, ಮತ್ತ 2,200 ದಂಡ.

ಮತ್ತ ಬಾಗ್ಲದ ರಬ್ಬರ್ ನೋಡ್ರಿ. ಒಂದು ಹತ್ರೂಪಾಯಿ ನೋಟು ನಡುವ ಇಟ್ಟು ಬಾಗ್ಲಾ ಹಾಕಿ ಎಳೀರಿ, ಬಿಗಿ ಇರಬೇಕು, ಸಲೀಸ ಜಾರಿದ್ರ ಅಲ್ಲಿಂದ ಬಿಸಿ ಗಾಳಿ ಹೊಕ್ಕಾಕತ್ತೈತಿ. ಸೋಪಿನ ನೀರಿನ್ಯಾಗ ಒರಸಿ, ಬಿಸಿನೀರಿನ ಬಟ್ಟಿ ಒತ್ತಿ ಹಿಡದ್ರ ಸೊಟ್ಟ ಆಗಿದ್ದು ಎಷ್ಟೋ ಸಲ ನೆಟ್ಟಗಾಗ್ತೈತಿ.

ಕೇಳಿದವರು ಮತ್ತ, ಹದಿನೆಂಟು ದಿನ ಆದಮ್ಯಾಲ:

ಎಲ್ಲಾರ್ಗೂ ಬಾಳ ಥ್ಯಾಂಕ್ಸ್ ರೀ. ಒಂದಿಡೀ ದಿನ ತಗದಿಟ್ಟೆ, ಮೂರು ಟವೆಲ್ ನೀರು ಬಂತು, ಚಾಲೂ ಮಾಡಿದ ಮ್ಯಾಲ ಕೆಳಗ ಮೊದಲಿನಂಗ ತಂಪು. ಹನ್ನೆರಡನೇ ದಿನಕ್ಕ ಮತ್ತ ಹಾಲು ಬೆಚ್ಚಗಾತು, ಸಿಂಧನೂರಿನೋರು ಹೇಳಿದಂಗೇ. ಬ್ಯಾರೆ ಮೆಕ್ಯಾನಿಕ್ ಕರಸಿ ಡಿಫ್ರಾಸ್ಟ್ ನೋಡ್ರಿ ಅಂತ ನಾನೇ ಹೇಳ್ದೆ, ಮೀಟರ್ ಇಟ್ಟು ನೋಡಿ ಹೀಟರಿನ ಫ್ಯೂಸ್ ಹೋಗ್ಯದ ಅಂದ್ರು, ಕೂಲಿ ಸೇರಿ 950 ತಗೊಂಡ್ರು. ಕಂಪ್ರೆಸರ್ ವಾರಂಟಿ ನೋಡಿದ್ರ ಇನ್ನೂ ಆರೂವರೆ ವರ್ಷ ಅದ. ಸ್ಟೆಬಿಲೈಜರ್ ನಿನ್ನೆ ತಂದ್ವಿ. ರಬ್ಬರ್ ಮಾತ್ರ ಕೆಳಗಿನ ಮೂಲ್ಯಾಗ ನೋಟು ಜಾರ್ಲಿಕತ್ಯದ, ಇವತ್ತು ರಾತ್ರಿ ಬಿಸಿನೀರಿನ ಬಟ್ಟಿ ಒತ್ತಿ ನೋಡ್ತೀನಿ.