ವಾಟ್ಸಾಪ್‌ನಲ್ಲಿ ಬಂದ ಡ್ಯಾಂ ವಿಡಿಯೋ ಎಲ್ಲಿಯದು, ಯಾವತ್ತಿನದು? ಪತ್ತೆ ಮಾಡುವ ಕ್ರಮ ಬೇಕು

ನದಿದಂಡೆ_ವರದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಳೆಗಾಲ ಶುರುವಾದರೆ ಸಾಕು, "ತುಂಗಭದ್ರಾ ಗೇಟ್ ಮತ್ತೆ ಕಿತ್ತುಹೋಯ್ತು, ಕೆಳಗಿನ ಊರಿನವರು ಕೂಡಲೇ ಜಾಗ ಖಾಲಿ ಮಾಡಿ" ಎಂಬ ಬರಹದ ಜೊತೆ ವಿಡಿಯೋಗಳು ಗ್ರೂಪುಗಳಲ್ಲಿ ಹರಿದಾಡುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ (ಅಣೆಕಟ್ಟಿನ ಮೇಲ್ಭಾಗದಿಂದ ನೀರು ಬಿಡುವ ಗೇಟು) ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಗಿದ್ದು ನಿಜವಾಗಿ ನಡೆದದ್ದೇ. ಹಾಗಾಗಿ ಜನ ಎರಡನೇ ಯೋಚನೆ ಮಾಡದೆ ನಂಬುತ್ತಾರೆ, ಹೊಳೆಸಾಲಿನ ಊರುಗಳಲ್ಲಿ ರಾತ್ರೋರಾತ್ರಿ ಗಾಬರಿ ಆಗುತ್ತದೆ.

ತಾಲ್ಲೂಕು ಮಟ್ಟದ ವರದಿಗಾರರಿಗೆ ಉಪಯೋಗವಾಗುವಂತೆ ಮೂರು ವಿಷಯ ತಿಳಿಸಿ. ಒಂದು, 20-30 ಸೆಕೆಂಡಿನ ವಿಡಿಯೋದ ಮೂಲ ಹುಡುಕುವುದು ಹೇಗೆ? ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ವಿಡಿಯೋ ಹಾಕಲು ಆಗುತ್ತಿಲ್ಲ. ಎರಡು, ಜಾಗ ಸರಿ ಇದ್ದರೂ ದಿನಾಂಕ ಹಳೆಯದೋ ಹೊಸದೋ ಎಂದು ಹೇಗೆ ಹೇಳುವುದು? ಮೂರು, ನಾಳೆ ಪೊಲೀಸ್ ಅಥವಾ ಕೋರ್ಟಿನವರೆಗೆ ಹೋದರೆ ಸ್ಕ್ರೀನ್‌ಶಾಟ್ ಸಾಕೇ? ಹೆಚ್ಚಿನವರ ಬಳಿ ಇರುವುದು ಮೊಬೈಲ್ ಮತ್ತು ಒಂದು ಹಳೆಯ ಲ್ಯಾಪ್‌ಟಾಪ್ ಅಷ್ಟೇ.

ಫ್ರೇಮ್_ಬಿಡಿಸಿ

ಮೊದಲು ಎಲ್ಲರೂ ಎಡವುವ ಕಡೆಯಿಂದ ಶುರು ಮಾಡೋಣ. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಫೈಲಿನ ಹೆಸರಿನಲ್ಲೇ ಒಂದು ದಿನಾಂಕ ಇರುತ್ತದೆ: "ವಿಐಡಿ" ಆದಮೇಲೆ ಎಂಟು ಅಂಕಿ, ಆಮೇಲೆ "ಡಬ್ಲ್ಯುಎ". ಅದು ನಿಮ್ಮ ಫೋನಿಗೆ ಬಂದು ಇಳಿದ ದಿನ, ಚಿತ್ರೀಕರಣ ಆದ ದಿನ ಅಲ್ಲ. ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸಿ ಕಳಿಸುವಾಗ ಕ್ಯಾಮೆರಾ ಬರೆದಿದ್ದ ಸಮಯ, ಜಿಪಿಎಸ್ ಎಲ್ಲವನ್ನೂ ಅಳಿಸಿಬಿಡುತ್ತದೆ. ಹಾಗಾಗಿ ಫಾರ್ವರ್ಡ್ ಆಗಿ ಬಂದ ಪ್ರತಿಯ ಮೆಟಾಡೇಟಾ ಕೆದಕುವುದು ವ್ಯರ್ಥ. ಚಿತ್ರೀಕರಿಸಿದವರೇ ಸಿಕ್ಕಿದರೆ ವಿಡಿಯೋ ಆಗಿ ಬೇಡ, "ಡಾಕ್ಯುಮೆಂಟ್" ಆಯ್ಕೆಯಲ್ಲಿ ಕಳಿಸಿ ಎಂದು ಕೇಳಿ. ಆಗ ಮೂಲ ಫೈಲ್ ಹಾಗೇ ಬರುತ್ತದೆ. ಮೆಸೇಜಿನ ಮೇಲೆ ಎರಡು ಬಾಣದ "ಹಲವು ಬಾರಿ ಫಾರ್ವರ್ಡ್" ಗುರುತು ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದವರನ್ನು ಕೇಳಿ ಪ್ರಯೋಜನ ಕಡಿಮೆ.

ಹುಡುಕಾಟ ವಿಡಿಯೋದಲ್ಲಿ ಅಲ್ಲ, ಅದರ ಫ್ರೇಮುಗಳಲ್ಲಿ, ಅಂದರೆ ಅದರೊಳಗಿನ ಒಂದೊಂದು ಸ್ಥಿರಚಿತ್ರದಲ್ಲಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದು ನಿಲ್ಲಿಸಿ, "ಇ" ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಶಿಫ್ಟ್ ಜೊತೆ "ಎಸ್" ಒತ್ತಿದರೆ ಚಿತ್ರ ಉಳಿಯುತ್ತದೆ. ಇನ್‌ವಿಡ್-ವೀವೆರಿಫೈ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಷನ್ ಈ ಕೆಲಸವನ್ನು ತಾನೇ ಮಾಡುತ್ತದೆ. ಮೊಬೈಲ್ ಮಾತ್ರ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಬರಹ, ಚಾನೆಲ್ ಲೋಗೋ, ಕಪ್ಪು ಅಂಚು ಎಲ್ಲ ಕತ್ತರಿಸಿ. ಆ ಬರಹ ಉಳಿದರೆ ಲೆನ್ಸ್ ಅಕ್ಷರದ ಹಿಂದೆ ಬೀಳುತ್ತದೆ, ದೃಶ್ಯ ಬಿಟ್ಟುಬಿಡುತ್ತದೆ.

ಫ್ರೇಮ್ ಆರಿಸುವಾಗ ನೀರು ಭೋರ್ಗರೆಯುವ ಫ್ರೇಮ್ ತೆಗೆದುಕೊಳ್ಳಬೇಡಿ. ನೊರೆ ಎಲ್ಲ ಡ್ಯಾಮಿನಲ್ಲೂ ಒಂದೇ ಥರ. ಕ್ಯಾಮೆರಾ ತಿರುಗುವಾಗ ಅರ್ಧ ಸೆಕೆಂಡ್ ಕಂಡು ಮಾಯವಾಗುವ ಗುಡ್ಡ, ಸೇತುವೆ, ಗೋಪುರ, ದೀಪದ ಕಂಬದ ಸಾಲು: ಉತ್ತರ ಇರುವುದು ಅಲ್ಲಿ. ನಾಲ್ಕೈದು ಫ್ರೇಮ್ ತೆಗೆದು ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಎಂಬ ಚಿತ್ರ ಹುಡುಕುವ ಮೂರು ತಾಣಗಳಲ್ಲೂ ಹಾಕಿ. ಕಟ್ಟಡ, ಭೂದೃಶ್ಯಕ್ಕೆ ಯಾಂಡೆಕ್ಸ್ ಹಲವು ಸಲ ಗೂಗಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಟಿನ್‌ಐನಲ್ಲಿ "ಹಳೆಯದು ಮೊದಲು" ಎಂದು ಜೋಡಿಸಬಹುದು, ಆದರೆ ಅದು ತೋರಿಸುವ ದಿನ ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ ಮಾತ್ರ. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೆ ಹಾಕಿ. ಕಾಪಿರೈಟ್ ತಪ್ಪಿಸಲು ಕನ್ನಡಿಯಂತೆ ತಿರುಗಿಸಿ ಹಾಕಿದ ವಿಡಿಯೋ ಬೇಕಾದಷ್ಟಿವೆ. ಅಂಗಡಿ ಬೋರ್ಡ್ ಉಲ್ಟಾ ಕಾಣುತ್ತಿದೆಯಾ, ಬೈಕ್ ಸವಾರರು ರಸ್ತೆಯ ಬಲಕ್ಕೆ ಹೋಗುತ್ತಿದ್ದಾರಾ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ದಾರಿ ಪದಗಳಿಂದ ಹುಡುಕುವುದು. ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಮಾತ್ರ ಹುಡುಕಿ ಬಿಡಬೇಡಿ. ಕೃಷ್ಣೆ, ತುಂಗಭದ್ರೆಯ ವಿಡಿಯೋಗಳು ಹೆಚ್ಚಾಗಿ ತೆಲುಗು ಚಾನೆಲ್‌ಗಳಲ್ಲಿ ಮೊದಲು ಬಂದಿರುತ್ತವೆ. ತೆಲುಗು ಲಿಪಿಯಲ್ಲೇ, ಹಾಗೆಯೇ ಮಹಾರಾಷ್ಟ್ರದ ಡ್ಯಾಂ ಅನುಮಾನ ಇದ್ದರೆ ಮರಾಠಿಯಲ್ಲೂ ಹುಡುಕಿ. ಗೂಗಲ್ ಹುಡುಕಾಟದಲ್ಲಿ "ಟೂಲ್ಸ್" ಒತ್ತಿ ದಿನಾಂಕದ ಮಿತಿ ಹಾಕಿ, ವಿಡಿಯೋ ನಿಮಗೆ ಬಂದ ಹಿಂದಿನ ದಿನಕ್ಕೆ ಕೊನೆ ಮಾಡಿ. ಆ ಮಿತಿಯೊಳಗೆ ಅದೇ ದೃಶ್ಯ ಒಂದು ಕಡೆ ಸಿಕ್ಕಿದರೂ "ಇವತ್ತಿನ ವಿಡಿಯೋ" ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಗೂಗಲ್ ತೋರಿಸುವ ದಿನಾಂಕ ಒಮ್ಮೊಮ್ಮೆ ತಪ್ಪಿರುತ್ತದೆ, ಪುಟ ತೆರೆದು ಅಲ್ಲಿನ ದಿನಾಂಕವನ್ನೇ ಬರೆದುಕೊಳ್ಳಿ.

ಸಮಯದ ಲೆಕ್ಕದಲ್ಲೂ ಎಚ್ಚರ ಬೇಕು. ಯೂಟ್ಯೂಬ್ ಅಪ್‌ಲೋಡ್ ದಿನವನ್ನು ಅಮೆರಿಕದ ಪಶ್ಚಿಮ ಕರಾವಳಿಯ ಸಮಯದಲ್ಲಿ ತೋರಿಸುವುದರಿಂದ ನಮ್ಮ ಬೆಳಗಿನ ವಿಡಿಯೋ ಹಿಂದಿನ ದಿನದ್ದಾಗಿ ಕಾಣಬಹುದು. ಆಮ್ನೆಸ್ಟಿ ಸಂಸ್ಥೆಯ ಯೂಟ್ಯೂಬ್ ಡೇಟಾ ವ್ಯೂವರ್‌ನಲ್ಲಿ ಲಿಂಕ್ ಹಾಕಿದರೆ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರುತ್ತದೆ, ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿದರೆ ನಮ್ಮ ಸಮಯ.

ಮುನಿರಾಬಾದ್_ರಸ್ತೆ

ಮೇಲಿನವರು ಹೇಳಿದ್ದಕ್ಕೆ ಡ್ಯಾಮಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ತುಂಗಭದ್ರಾ ಎಂದು ಬಂದರೆ ಮೊದಲು ಗೇಟಿನ ಆಕಾರ ನೋಡಿ. ಟಿಬಿ ಡ್ಯಾಮಿನದು ನೇರ ಮೇಲಕ್ಕೆ ಏಳುವ ಚಪ್ಪಟೆ ಗೇಟು, ಚೈನಿನಲ್ಲಿ ಎಳೆಯುವಂಥದ್ದು. ಒಟ್ಟು 33. ಆಲಮಟ್ಟಿ, ಶ್ರೀಶೈಲ, ನಾಗಾರ್ಜುನ ಸಾಗರದಲ್ಲಿ ಇರುವುದು ಬಾಗಿದ ರೇಡಿಯಲ್ ಗೇಟು. ಬರೀ ಎಣಿಕೆ ನಂಬಿದರೆ ಮೋಸ ಹೋಗುತ್ತೀರಿ: ಆಲಮಟ್ಟಿಗೂ 26, ನಾಗಾರ್ಜುನ ಸಾಗರಕ್ಕೂ 26. ಆದರೆ ನಾಗಾರ್ಜುನ ಸಾಗರ 124 ಮೀಟರ್ ಎತ್ತರದ ಅಣೆಕಟ್ಟು, ನೀರು ಬೀಳುವ ಇಳಿಜಾರು ಬಹಳ ಉದ್ದ. ಆಲಮಟ್ಟಿ ಎತ್ತರದಲ್ಲಿ ಅದರ ಅರ್ಧವೂ ಇಲ್ಲ. ಶ್ರೀಶೈಲಕ್ಕೆ 12 ಗೇಟು, ಎರಡೂ ಬದಿ ಕಡಿದಾದ ಬೆಟ್ಟ. ಟಿಬಿ ಡ್ಯಾಮಿನ ವಿಡಿಯೋ ಆದರೆ ಹೊಸಪೇಟೆ ಬದಿಯ ಗುಡ್ಡದ ಮೇಲೆ ವೈಕುಂಠ ಅತಿಥಿಗೃಹ ಸಿಗುತ್ತದಾ ಹುಡುಕಿ.

ಎಲ್ಲಕ್ಕಿಂತ ಗಟ್ಟಿ ಪರೀಕ್ಷೆ ನೀರಿನ ಮಟ್ಟ. ತುಂಗಭದ್ರಾ ಪೂರ್ಣ ಮಟ್ಟ 1633 ಅಡಿ, ಗೇಟಿನ ಎತ್ತರ 20 ಅಡಿ, ಅಂದರೆ ಗೇಟಿನ ತಳ 1613 ಅಡಿಯಲ್ಲಿದೆ. ಆ ದಿನದ ಮಟ್ಟ 1613ಕ್ಕಿಂತ ಕೆಳಗಿದ್ದರೆ ಗೇಟ್ ತೆರೆದರೂ ಮುರಿದರೂ ಅಲ್ಲಿಂದ ಒಂದು ಹನಿ ನೀರು ಬರುವುದಿಲ್ಲ. ತುಂಗಭದ್ರಾ ಮಂಡಳಿ ಪ್ರತಿದಿನ ಮಟ್ಟ, ಒಳಹರಿವು, ಹೊರಹರಿವು ಪ್ರಕಟಿಸುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ವರದಿಯಲ್ಲೂ ಸಿಗುತ್ತದೆ. ಎರಡೇ ನಿಮಿಷದ ಕೆಲಸ, ಆದರೂ ಇದನ್ನು ಮಾಡುವವರು ಬಹಳ ಕಡಿಮೆ.

ಬೋರ್ಡ್ ಮಸುಕಾಗಿದ್ದರೆ ಅಕ್ಷರದ ತಲೆಕಟ್ಟು ಗಮನಿಸಿ. ತೆಲುಗಿನದು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ, ನಮ್ಮದು ಅಡ್ಡಗೆರೆಯಂತೆ ಮಲಗಿರುತ್ತದೆ. ವಾಹನದ ನಂಬರು: ಕೆಎ-35 ಹೊಸಪೇಟೆ, 34 ಬಳ್ಳಾರಿ, 37 ಕೊಪ್ಪಳ, 36 ರಾಯಚೂರು. ಒಂದು ಗಾಡಿ ಕಂಡರೆ ಏನೂ ಹೇಳಲಾಗದು, ಪ್ರವಾಸಿಗರದ್ದಿರಬಹುದು. ನಾಲ್ಕೈದು ಒಂದೇ ಕಡೆಯವಾದರೆ ಸುಳಿವು. ನಂಬರ್ ಪ್ಲೇಟಿನಿಂದ ಕಾಲವೂ ಗೊತ್ತಾಗುತ್ತದೆ. ತೆಲಂಗಾಣದ ಟಿಎಸ್ ಮಾರ್ಚ್ 2024ರಲ್ಲಿ ಟಿಜಿ ಆಯಿತು, ಹಾಗಾಗಿ ಟಿಜಿ ಪ್ಲೇಟ್ ಕಂಡರೆ ವಿಡಿಯೋ ಅದಕ್ಕಿಂತ ಹಳೆಯದಲ್ಲ. ಬೋರ್ಡಿನಲ್ಲಿ "ವಿಜಯನಗರ ಜಿಲ್ಲೆ" ಇದ್ದರೆ 2021ರ ನಂತರದ್ದು. "ಬಳ್ಳಾರಿ ಜಿಲ್ಲೆ" ಇದ್ದರೆ ಮಾತ್ರ ಏನೂ ಸಾಬೀತಾಗದು, ಹಳೆಯ ಬೋರ್ಡ್ ಬದಲಿಸದೇ ಇರಬಹುದು.

ನೆರಳು ನೋಡಿ ವಿಡಿಯೋದ ಹೊತ್ತು ಅಂದಾಜಿಸಲು ಸನ್‌ಕ್ಯಾಲ್ಕ್ (ಸೂರ್ಯನ ದಿಕ್ಕು ತೋರಿಸುವ ಜಾಲತಾಣ) ಬಳಸುವವರಿಗೆ ಒಂದು ಮಾತು. ಮಧ್ಯಾಹ್ನದ ನೆರಳು ಉತ್ತರಕ್ಕೆ ಎಂದು ಹೊರಗಿನ ಮಾರ್ಗದರ್ಶಿಗಳಲ್ಲಿ ಬರೆದಿರುತ್ತದೆ. ಹೊಸಪೇಟೆ ಕಡೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಸೂರ್ಯ ನಡುನೆತ್ತಿಯ ಉತ್ತರಕ್ಕೆ ಇರುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಡ್ಯಾಂ ತುಂಬುವುದೂ ಬಹುಮಟ್ಟಿಗೆ ಆ ದಿನಗಳಲ್ಲೇ, ಹಾಗಾಗಿ ದಿಕ್ಕನ್ನು ಉಲ್ಟಾ ಹಿಡಿದು ಕೆಡುವುದು ಇಲ್ಲೇ.

ಕಡತ_ಮತ್ತು_ಪುರಾವೆ

ಮೂರನೇ ಪ್ರಶ್ನೆಗೆ ಉತ್ತರ. ಬರೀ ಸ್ಕ್ರೀನ್‌ಶಾಟ್ ಸಾಲದು. ಕ್ರಮದಲ್ಲೂ ಒಂದು ತಿದ್ದುಪಡಿ ಇದೆ: ಹುಡುಕಾಟಕ್ಕೆ ಕೈ ಹಾಕುವ ಮೊದಲೇ ಉಳಿಸಿಕೊಳ್ಳಬೇಕು. ನೀವು ಫ್ರೇಮ್ ಬಿಡಿಸುವಷ್ಟರಲ್ಲಿ ಪೋಸ್ಟ್ ಅಳಿಸಿಹೋಗಿರುತ್ತದೆ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಕಲಮಿನ ಜಾಗಕ್ಕೆ ಬಂದದ್ದು ಕಲಂ 63. ಇದರ ಪ್ರಮಾಣಪತ್ರದಲ್ಲಿ ಎರಡು ಭಾಗ: ಭಾಗ ಎ ದಾಖಲೆ ಹಾಜರುಪಡಿಸುವವರದು, ಭಾಗ ಬಿ ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಅಕ್ಷರಸಾಲು) ಬರೆಯಬೇಕು. ಮೂಲ ಉಪಕರಣವನ್ನೇ ಅದರ ಮಾಲೀಕರು ಸಾಕ್ಷಿಕಟ್ಟೆಗೆ ತಂದು ಹಾಜರುಪಡಿಸಿದರೆ ಬೇರೆ ಮಾತು. ಪ್ರತಿ ಕೊಡುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ತೀರ್ಪಿನಲ್ಲಿ, 65ಬಿ ಇದ್ದ ಕಾಲದಲ್ಲೇ, ಹೇಳಿದೆ.

ಮಾಡಬೇಕಾದ್ದು ಇಷ್ಟು. ಫೋನಿನ ಫೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ನಕಲು ಮಾಡಿ. ನಿಮಗೆ ನೀವೇ ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿಕೊಳ್ಳಬೇಡಿ, ಮತ್ತೆ ಕುಗ್ಗಿ ಬೇರೆ ಫೈಲೇ ಆಗಬಹುದು. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿ. 64 ಅಕ್ಷರದ ಸಾಲು ಬರುತ್ತದೆ, ಅದೇ ಹ್ಯಾಶ್. ಅದನ್ನು ದಿನಾಂಕ, ಗಂಟೆ, ಯಾವ ಫೋನ್, ಯಾವ ಗ್ರೂಪ್, ಯಾರು ನಕಲು ಮಾಡಿದರು ಎಂಬುದರ ಜೊತೆ ಪುಸ್ತಕದಲ್ಲಿ ಕೈಯಿಂದ ಬರೆದು ಸಹಿ ಹಾಕಿ. ಫೈಲಿನ ಹೆಸರು ಬದಲಿಸಿದರೆ ಹ್ಯಾಶ್ ಬದಲಾಗದು, ತೆರೆದು ನೋಡಿದರೂ ಬದಲಾಗದು. ಒಂದು ಸೆಕೆಂಡ್ ಕತ್ತರಿಸಿ ಉಳಿಸಿದರೆ ಇಡೀ ಸಾಲು ಬದಲಾಗುತ್ತದೆ. ಆದ್ದರಿಂದ ಫ್ರೇಮ್ ತೆಗೆಯುವ ಕೆಲಸ ಎಲ್ಲ ಎರಡನೇ ಪ್ರತಿಯಲ್ಲಿ, ಮೊದಲನೆಯದು ಪೆನ್‌ಡ್ರೈವಿನಲ್ಲಿ ಮುಟ್ಟದೆ ಇರಲಿ. ಫೋನಿನಲ್ಲಿ ಆ ಮೆಸೇಜ್ ಅಳಿಸಬೇಡಿ, ಗ್ರೂಪಿನ "ಮೆಸೇಜ್ ತಾನೇ ಮಾಯವಾಗುವ" ಆಯ್ಕೆ ಚಾಲೂ ಇದೆಯಾ ನೋಡಿ.

ಫೇಸ್‌ಬುಕ್, ಎಕ್ಸ್ (ಹಿಂದಿನ ಟ್ವಿಟರ್) ಪೋಸ್ಟ್ ಆದರೆ ಪೂರ್ಣ ಲಿಂಕ್ ಬರೆದುಕೊಳ್ಳಿ. ಪೇಜಿನ ಹೆಸರು ನಾಳೆ ಬದಲಾಗಬಹುದು. ಫೇಸ್‌ಬುಕ್ ಪೇಜಿನ "ಪೇಜ್ ಟ್ರಾನ್ಸ್‌ಪರೆನ್ಸಿ" ಭಾಗದಲ್ಲಿ ಅದು ಶುರುವಾದ ದಿನ, ಹಳೆಯ ಹೆಸರುಗಳು ಸಿಗುತ್ತವೆ. ಅದನ್ನೂ ಉಳಿಸಿ. ಜಾಲಪುಟಗಳ ಹಳೆಯ ಪ್ರತಿ ಕೂಡಿಡುವ ವೇಬ್ಯಾಕ್ ಮಷಿನ್‌ನ "ಸೇವ್ ಪೇಜ್" ಸುದ್ದಿ ಜಾಲತಾಣಕ್ಕೆ ಚೆನ್ನ, ಫೇಸ್‌ಬುಕ್‌ಗೆ ಹೆಚ್ಚಿನ ಸಲ ಲಾಗಿನ್ ಪುಟ ಮಾತ್ರ ಉಳಿಯುತ್ತದೆ. ಉಳಿದ ಮೇಲೆ ತೆರೆದು ನೋಡಿ ಖಚಿತಪಡಿಸಿಕೊಳ್ಳಿ.

ಇನ್ನೊಂದು ವಿಷಯ ಗಂಭೀರವಾಗಿ ಹೇಳುತ್ತೇನೆ. ಮುಚ್ಚಿದ ಗ್ರೂಪಿಗೆ ಸುಳ್ಳು ಹೆಸರಿನಲ್ಲಿ ಸೇರಿ ಮಾಹಿತಿ ತೆಗೆಯಬೇಡಿ. ಗ್ರೂಪಿನ ಸ್ಕ್ರೀನ್‌ಶಾಟ್ ಪ್ರಕಟಿಸುವಾಗ ಜನರ ಫೋನ್ ನಂಬರನ್ನು ಮಸುಕು ಮಾಡಬೇಡಿ, ಕಪ್ಪು ಚೌಕ ಹಾಕಿ ಚಿತ್ರವಾಗಿಯೇ ಉಳಿಸಿ. ಪಿಡಿಎಫ್ ಮೇಲೆ ಎಳೆದ ಕಪ್ಪು ಪಟ್ಟಿಯನ್ನು ಎತ್ತಿ ಕೆಳಗಿನ ನಂಬರ್ ಓದಬಹುದು.

ನದಿದಂಡೆ_ವರದಿ

ಮೂವರಿಗೂ ಧನ್ಯವಾದ. 1613 ಅಡಿಯ ಲೆಕ್ಕ ಬಹಳ ಉಪಯುಕ್ತ. ಎರಡು ಉಪಪ್ರಶ್ನೆ: ಎಕ್ಸ್‌ನಲ್ಲಿ ಮೂಲ ಪೋಸ್ಟ್ ಅಳಿಸಿದ್ದಾರೆ, ಲಿಂಕ್ ಮಾತ್ರ ಇದೆ. ಏನಾದರೂ ಮಾಡಬಹುದೇ? ಎಐ ವಿಡಿಯೋ ಆಗಿದ್ದರೆ ಹೇಗೆ ಗುರುತಿಸುವುದು?

ಫ್ರೇಮ್_ಬಿಡಿಸಿ

ಲಿಂಕಿನ ಕೊನೆಯ ಉದ್ದ ಸಂಖ್ಯೆಯಲ್ಲೇ ಸಮಯ ಅಡಗಿದೆ. ಆ ಸಂಖ್ಯೆಯನ್ನು 41,94,304ರಿಂದ ಭಾಗಿಸಿ, ದಶಮಾಂಶ ಬಿಟ್ಟು, 1288834974657 ಕೂಡಿಸಿದರೆ 1970ರಿಂದ ಲೆಕ್ಕ ಹಾಕಿದ ಮಿಲಿಸೆಕೆಂಡ್ ಬರುತ್ತದೆ. ಅದನ್ನು ದಿನಾಂಕಕ್ಕೆ ತಿರುಗಿಸುವ ಉಚಿತ ಪುಟಗಳಿವೆ. ಅಲ್ಲೂ ಬರುವುದು ಯುಟಿಸಿಯಾದರೆ ಐದೂವರೆ ಗಂಟೆ ಸೇರಿಸಿ. ಸಾಮಾನ್ಯ ಕ್ಯಾಲ್ಕುಲೇಟರ್ ಅಷ್ಟು ಅಂಕಿ ಹಿಡಿಯುವುದಿಲ್ಲ, ಎಕ್ಸೆಲ್ ಕೂಡ 15 ಅಂಕಿಯ ನಂತರ ಸೊನ್ನೆ ಮಾಡಿಬಿಡುತ್ತದೆ. ಆದರೆ ಅದು ಮಿಲಿಸೆಕೆಂಡಿನ ಚೂರಿನಷ್ಟು ವ್ಯತ್ಯಾಸ, ದಿನ ಗಂಟೆಗೆ ತೊಂದರೆ ಇಲ್ಲ. ಪೋಸ್ಟ್ ಹಾಕಿದ ಕ್ಷಣ ಸಿಗುತ್ತದೆ ಅಷ್ಟೇ, ಅದರಲ್ಲಿ ಏನಿತ್ತು ಎಂಬುದಕ್ಕೆ ವೇಬ್ಯಾಕ್‌ನಲ್ಲಿ ಅದೇ ಲಿಂಕ್ ಹಾಕಿ ನೋಡಿ.

ಎಐ ಬಗ್ಗೆ: "ಪತ್ತೆ ಯಂತ್ರ" ಎನ್ನುವ ಜಾಲತಾಣಗಳು ಕೊಡುವ ಶೇಕಡಾವಾರು ಅಂಕಿಯನ್ನು ವರದಿಗೆ ಆಧಾರ ಮಾಡಬೇಡಿ. ವಾಟ್ಸಾಪ್ ಕುಗ್ಗಿಸಿದ ಪ್ರತಿಯಲ್ಲಿ ಅವು ಸುಲಭವಾಗಿ ತಪ್ಪುತ್ತವೆ. ಕಟ್ ಇಲ್ಲದ ಒಂದೇ ದೃಶ್ಯ 8 ಸೆಕೆಂಡಿಗೇ ಮುಗಿದರೆ ಅನುಮಾನ ಇರಲಿ. ಗೂಗಲ್‌ನ ಎಐ ವಿಡಿಯೋ ಸಾಧನ ವಿಯೋ 3 ಕೊಟ್ಟಿದ್ದು ಅಷ್ಟೇ ಉದ್ದದ ತುಣುಕು. ಕೆಳಮೂಲೆಯಲ್ಲಿ ಲೋಗೋ ಒರೆಸಿದ ಮಸುಕು ಇದೆಯಾ ನೋಡಿ. ಕನ್ನಡ ಬೋರ್ಡಿದ್ದರೆ ಒತ್ತಕ್ಷರ ಓದಿ, ಎಐ ಹಲವು ಸಲ ಅಲ್ಲೇ ಎಡವುತ್ತದೆ. ಮತ್ತೆ ಮುನಿರಾಬಾದ್_ರಸ್ತೆಯವರ ಪಟ್ಟಿಗೇ ಬನ್ನಿ: ಗೇಟ್ ಚಪ್ಪಟೆಯೋ ಬಾಗಿದ್ದೋ, ಗುಡ್ಡ ಇರಬೇಕಾದ ಕಡೆ ಇದೆಯೋ. ಗೂಗಲ್ ಅರ್ತ್ ಪ್ರೊ ತೆರೆದು ಕ್ಯಾಮೆರಾ ನಿಂತ ಜಾಗ ಹುಡುಕಿ. ಯಾವ ಜಾಗದಿಂದಲೂ ಆ ನೋಟ ಕೂಡಿಬರದಿದ್ದರೆ "ಇದು ತುಂಗಭದ್ರಾ ಅಲ್ಲ" ಎಂದು ಬರೆಯಬಹುದು, ಎಐ ಎಂದು ಸಾಬೀತು ಮಾಡುವ ಗೋಜು ಬೇಡ.

ಕಡತ_ಮತ್ತು_ಪುರಾವೆ

ವರದಿ ಹಾಕುವಾಗ ಸುಳ್ಳು ವಿಡಿಯೋವನ್ನು ಹಾಗೇ ಹಾಕಬೇಡಿ. ಸ್ಥಿರಚಿತ್ರ ತೆಗೆದು ಮಧ್ಯದಲ್ಲೇ, ಕತ್ತರಿಸಲು ಆಗದ ಹಾಗೆ, "ತಪ್ಪು: ಇದು ಇಂಥ ಡ್ಯಾಂ, ಇಂಥ ವರ್ಷದ್ದು" ಎಂದು ಬರೆಯಿರಿ. ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹರಡುವುದು ವಿಪತ್ತು ನಿರ್ವಹಣಾ ಕಾಯ್ದೆ 2005ರ ಕಲಂ 54ರಡಿ ಒಂದು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ, ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಪ್ರಕಟಣೆಗೆ ಮುಂಚೆ ಜಿಲ್ಲಾ ತುರ್ತು ನಿರ್ವಹಣಾ ಕೇಂದ್ರಕ್ಕೆ 1077ಗೆ ಕರೆ ಮಾಡಿ ಆ ಹೊತ್ತಿನ ಹೊರಹರಿವಿನ ಕ್ಯೂಸೆಕ್ ಅಂಕಿ ಕೇಳಿ, ಕರೆ ಮಾಡಿದ ಸಮಯದ ಜೊತೆ ಅದೇ ಪುಸ್ತಕದಲ್ಲಿ ಬರೆದಿಡಿ.