ಟರ್ಬೊ ಪೆಟ್ರೋಲ್ ಗಾಡಿಗೆ 91 ಆಕ್ಟೇನ್ ಸಾಕಾ, 95 ಹಾಕಿಸಲೇಬೇಕಾ?

ಸಂಡೂರು ದಾರಿ (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಗಾಡಿ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುವುದು), ಮ್ಯಾನುವಲ್ ಗೇರ್. ತಗೊಂಡು ಎರಡು ವರ್ಷ ಆಯಿತು. ಇಲ್ಲಿ ತನಕ ಸಾದಾ ಪೆಟ್ರೋಲೇ, ಅಂದರೆ 91 ಹಾಕಿಸಿದ್ದೇನೆ, ಏನೂ ತೊಂದರೆ ಇರಲಿಲ್ಲ. ಆದರೆ ಏಪ್ರಿಲ್ ಶುರುವಾದಾಗಿನಿಂದ, ಹಿಂದಿನ ಸೀಟು ಮಡಚಿ ಶೇಂಗಾ ಚೀಲ ಹೇರಿಕೊಂಡು ಹೋದಾಗ, ಇಲ್ಲವೇ ಮನೆಮಂದಿ ಏಳು ಜನ ಕೂತು ಸಂಡೂರು ಕಡೆ ಏರು ಹತ್ತುವಾಗ, ಬಾನೆಟ್ ಒಳಗಿಂದ ಕಟಕಟ ಸದ್ದು ಬರುತ್ತಿದೆ, ಡಬ್ಬಿಯಲ್ಲಿ ಹುರಿಗಡಲೆ ಹಾಕಿ ಅಲ್ಲಾಡಿಸಿದ ಹಾಗೆ. ಬೆಳಗ್ಗೆ ತಂಪಿನಲ್ಲಿ ಇಲ್ಲ. ಮಧ್ಯಾಹ್ನ ಮಾತ್ರ.

ಬಂಕ್ ಹುಡುಗ 95 ಹಾಕಿಸಿ ಸರ್, ಪಿಕಪ್ ಬರುತ್ತೆ ಅಂತಾನೆ. ಲೀಟರ್‌ಗೆ ಏಳೆಂಟು ರೂಪಾಯಿ ಜಾಸ್ತಿ. ನನ್ನ ತಮ್ಮ ಹ್ಯೂಸ್ಟನ್‌ನಲ್ಲಿದ್ದಾನೆ, ಅವನ ಹತ್ತಿರ ಫೋರ್ಡ್ ಎಫ್-150 ಪಿಕಪ್ ಇದೆ, 3.5 ಇಕೋಬೂಸ್ಟ್, ಅದೂ ಟರ್ಬೊ. ಅಷ್ಟು ದೊಡ್ಡ ಗಾಡಿಗೆ ಅವನು ದಿನಾ ಹಾಕಿಸುವುದು 87! ಟ್ರೇಲರ್ ಕಟ್ಟಿದಾಗ ಮಾತ್ರ 93 ಅಂತೆ. ಹಾಗಾದರೆ ನಮ್ಮ 91 ಅವನ 87ಕ್ಕಿಂತ ಒಳ್ಳೆಯದು ತಾನೇ? ಮತ್ತೆ ಈ ಸದ್ದು ಯಾಕೆ? ಇಂಜಿನ್‌ಗೆ ಏಟು ಬೀಳುತ್ತಾ ಅಂತ ಭಯ ಆಗಿದೆ.

ರಾಯಚೂರು ಬಿಸಿಲು:

ಅಣ್ಣ, ಮೊದಲು ಆ 87ರ ಲೆಕ್ಕ ಬಿಡಿಸೋಣ, ತುಂಬಾ ಜನ ಎಡವುವುದು ಅಲ್ಲೇ. ಆಕ್ಟೇನ್ ಅಂದರೆ ಪೆಟ್ರೋಲ್ ತಾನಾಗಿ ಬೇಗ ಹತ್ತಿಕೊಳ್ಳದೆ ತಡೆಯುವ ಗುಣ, ಅದನ್ನು ಅಳೆಯುವ ರೀತಿ ಎರಡು. ಒಂದು ಆರ್‌ಒಎನ್, ನಮ್ಮಲ್ಲಿ 91, 95 ಅನ್ನುವುದು ಅದನ್ನೇ. ಇನ್ನೊಂದು ಎಂಒಎನ್, ಇಂಜಿನ್‌ಗೆ ಇನ್ನೂ ಕಷ್ಟ ಕೊಟ್ಟು ಅಳೆಯುವುದು, ಹಾಗಾಗಿ ನಂಬರ್ ಕಮ್ಮಿ ಬರುತ್ತದೆ. ಅಮೆರಿಕದವರು ಎರಡನ್ನೂ ಕೂಡಿಸಿ ಅರ್ಧ ಮಾಡಿ ಪಂಪಿನ ಮೇಲೆ ಬರೆಯುತ್ತಾರೆ. ನಮ್ಮಲ್ಲಿ 2020ರಲ್ಲಿ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಬಂದಾಗ ಸಾದಾ ಪೆಟ್ರೋಲ್‌ಗೆ ಇಟ್ಟದ್ದು ಆರ್‌ಒಎನ್ ಕನಿಷ್ಠ 91, ಎಂಒಎನ್ ಕನಿಷ್ಠ 81. ಅವರ ಲೆಕ್ಕದಲ್ಲಿ 86. ನಮ್ಮ 95ಕ್ಕೆ ಎಂಒಎನ್ 85, ಅಂದರೆ ಅವರ 90. ನಿಮ್ಮ ತಮ್ಮನ 87ಕ್ಕೂ ನಿಮ್ಮ 91ಕ್ಕೂ ಹೆಚ್ಚು ಕಮ್ಮಿ ಏನೂ ಇಲ್ಲ. ಆ 93 ಮಾತ್ರ ನಮ್ಮ 95ಕ್ಕಿಂತ ಮೇಲು. ಫೋರ್ಡ್‌ನವರೇ ಆ ಇಂಜಿನ್‌ಗೆ ದಿನದ ಓಡಾಟಕ್ಕೆ 87 ಸಾಕು, ಭಾರ ಎಳೆಯುವಾಗ ಪ್ರೀಮಿಯಂ ಹಾಕಿ ಅಂತ ಹೇಳುತ್ತಾರೆ. ನಿಮ್ಮ ತಮ್ಮ ಸರಿಯಾಗೇ ಮಾಡುತ್ತಿದ್ದಾನೆ.

ಇನ್ನು ಬಂಕ್ ಹುಡುಗನ ಮಾತು. ಆಕ್ಟೇನ್ ಅಂದರೆ ಶಕ್ತಿ ಅಲ್ಲ. ಎಥನಾಲ್ ನೋಡಿ, ಅದರ ಆಕ್ಟೇನ್ 100ಕ್ಕೂ ಜಾಸ್ತಿ, ಆದರೆ ಲೀಟರ್‌ಗೆ ಸಿಗುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ.

ಗಂಗಾವತಿ ಗ್ಯಾರೇಜ್:

ನಿಮ್ಮದು ನಾಕಿಂಗ್ ಇದ್ದ ಹಾಗಿದೆ. ಪ್ಲಗ್ ಕಿಡಿ ಕೊಟ್ಟು ಬೆಂಕಿ ಹರಡುತ್ತಾ ಬರುವಾಗ, ಅದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಬಿಸಿಗೆ, ಒತ್ತಡಕ್ಕೆ ತಾನೇ ಹತ್ತಿಕೊಂಡರೆ ಆ ಕಟಕಟ ಬರುತ್ತದೆ. ಹಾಗೆ ಬೇಗ ಹತ್ತಿಕೊಳ್ಳದೆ ತಡೆಯುವ ತಾಳ್ಮೆಯೇ ಆಕ್ಟೇನ್. ಟರ್ಬೊ ಗಾಳಿಯನ್ನು ಒತ್ತಿ ಕಳಿಸುತ್ತದೆ, ಒತ್ತಿದ ಗಾಳಿ ಬಿಸಿಯಾಗುತ್ತದೆ, ಇಂಟರ್‌ಕೂಲರ್ ಅದನ್ನು ತಂಪು ಮಾಡಬೇಕು. ಆದರೆ ತಂಪು ಮಾಡುವುದಕ್ಕೆ ಬರುವ ಗಾಳಿಯೇ 42 ಡಿಗ್ರಿ ಇದ್ದರೆ? ಬೆಳಗ್ಗೆ ಸದ್ದು ಇಲ್ಲ, ಮಧ್ಯಾಹ್ನ ಇದೆ ಅಂದಿರಲ್ಲ, ಕಾರಣ ಇದೇ.

ಅಪರೂಪಕ್ಕೆ ಸಣ್ಣಗೆ ಬಂದರೆ ಹೆದರಬೇಡಿ. ನಾಕ್ ಸೆನ್ಸರ್ ಇರುತ್ತದೆ, ಅದು ಹಿಡಿದ ಕೂಡಲೇ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ, ಅಂದರೆ ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ಎಳೆತ ಸ್ವಲ್ಪ ಕಮ್ಮಿ ಆಗುತ್ತದೆ, ಇಂಜಿನ್ ಉಳಿಯುತ್ತದೆ. ಆದರೆ ದಿನಾ ಕಿವಿಗೆ ಬೀಳುವಷ್ಟು ಬಂದರೆ ಸುಮ್ನೆ ಬಿಡಬೇಡಿ, ಪಿಸ್ಟನ್ ಹಾಳಾಗುತ್ತದೆ.

95 ಹಾಕಿಸುವ ಮೊದಲು ಒಂದು ಕೇಳುತ್ತೇನೆ, ಏರಿನಲ್ಲಿ ಯಾವ ಗೇರ್? ಐದರಲ್ಲಿ 1500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವವರೇ ಜಾಸ್ತಿ, ಮೈಲೇಜ್ ಬರುತ್ತೆ ಅಂತ. ಟರ್ಬೊ ಡೈರೆಕ್ಟ್ ಇಂಜೆಕ್ಷನ್‌ಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕಿಡಿಗೂ ಮೊದಲೇ ಹತ್ತಿಕೊಳ್ಳುವ ರೋಗ ಒಂದಿದೆ, ಅದು ಬರುವುದು ಹೀಗೆ ಕಮ್ಮಿ ಆರ್‌ಪಿಎಂ, ಜಾಸ್ತಿ ಲೋಡ್ ಇದ್ದಾಗ, ಅದಕ್ಕೆ ಆಕ್ಟೇನ್ ಒಂದೇ ಮದ್ದಲ್ಲ. ಗೇರ್ ಇಳಿಸಿ, 2500ರ ಮೇಲೆ ಹತ್ತಿಸಿ. ಆಯಿಲ್ ಡಬ್ಬಿ ಮೇಲೆ ಎಪಿಐ ಎಸ್‌ಪಿ ಅಂತ ಇದೆಯಾ ನೋಡಿ, ಈ ರೋಗವನ್ನು ನೋಡಿಯೇ ಮಾಡಿದ ಗ್ರೇಡ್ ಅದು. ಆಮೇಲೆ ಏರ್ ಫಿಲ್ಟರ್, ಇಂಟರ್‌ಕೂಲರ್ ಮುಖ ಎರಡೂ ತೆಗೆಸಿ ನೋಡಿ. ಅದಿರು ಲಾರಿ ಓಡಾಡುವ ರಸ್ತೆಯ ಗಾಡಿಗಳಲ್ಲಿ ಆ ಸಂದುಗಳ ತುಂಬಾ ಕೆಂಪು ಧೂಳು ಮೆತ್ತಿಕೊಂಡಿರುತ್ತದೆ, ಕೈಯಾರೆ ತೊಳೆದಿದ್ದೇನೆ. ಜೋರು ಪ್ರೆಷರ್ ನೀರು ಹೊಡೆಸಬೇಡಿ, ರೆಕ್ಕೆ ಮಡಚುತ್ತವೆ.

ಸಿರುಗುಪ್ಪ ಭತ್ತ:

ನಡುವೆ ಬಂದೆ, ಕ್ಷಮಿಸಿ. ನನ್ನದು ಡೀಸೆಲ್ ಪಿಕಪ್, ಅದೂ ಟರ್ಬೊ. ಭತ್ತ ಹೇರಿದಾಗ ನಾನೂ ಆಕ್ಟೇನ್ ನೋಡಬೇಕಾ?

ಗಂಗಾವತಿ ಗ್ಯಾರೇಜ್:

ಬೇಡ ತಮ್ಮ. ಡೀಸೆಲ್ ತಾನಾಗಿ ಹತ್ತಿಕೊಳ್ಳಬೇಕು, ಅದಕ್ಕೆ ನೋಡುವುದು ಸಿಟೇನ್, ಅಂದರೆ ಎಷ್ಟು ಸಲೀಸಾಗಿ ಹತ್ತಿಕೊಳ್ಳುತ್ತದೆ ಅನ್ನುವ ಅಳತೆ, ಬಿಎಸ್6 ಡೀಸೆಲ್‌ಗೆ ಕನಿಷ್ಠ 51. ಯಾರಾದರೂ ಸ್ವಲ್ಪ ಪೆಟ್ರೋಲ್ ಬೆರೆಸು ಅಂದರೆ ಕೇಳಲೇಬೇಡ, ಪಂಪು, ಇಂಜೆಕ್ಟರ್ ಎರಡೂ ಹೋಗುತ್ತವೆ.

ರಾಯಚೂರು ಬಿಸಿಲು:

ಸಂಡೂರು ಅಣ್ಣ, ಗಾಡಿ ಜೊತೆ ಕೊಟ್ಟ ಪುಸ್ತಕ ತೆಗೆದು ನೋಡಿ. ಕನಿಷ್ಠ 91 ಅಂತ ಮಾತ್ರ ಇದ್ದರೆ ಚಳಿಗಾಲ, ಊರೊಳಗಿನ ಓಡಾಟಕ್ಕೆ 91 ಸಾಕು. 95 ಶಿಫಾರಸು ಅಂತ ಇದ್ದರೆ ಇಸಿಯು ಅದನ್ನು ಬಳಸಿಕೊಳ್ಳುತ್ತದೆ, ವ್ಯತ್ಯಾಸ ಕಾಣುತ್ತದೆ. 100ರದ್ದು ಬೇಡ, ಲೀಟರ್‌ಗೆ 150 ದಾಟುತ್ತದೆ, ಕಂಪನಿ ಕೇಳದ ಇಂಜಿನ್‌ಗೆ ಅಷ್ಟು ದುಡ್ಡು ದಂಡ.

ಸಂಡೂರು ದಾರಿ (ಬಳ್ಳಾರಿ):

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಗೇರ್ ವಿಷಯ ಹೇಳಿದ್ದು ಸರಿ, ನಾನು ಐದರಲ್ಲೇ ಹತ್ತಿಸುತ್ತಿದ್ದೆ. ಏರ್ ಫಿಲ್ಟರ್ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಬದಲಾಯಿಸಿದೆ, ಇಂಟರ್‌ಕೂಲರ್ ತೊಳೆಸಿದೆ. 91ರಲ್ಲೇ ಮೂರನೇ ಗೇರಿನಲ್ಲಿ ಹೋದಾಗ ಸದ್ದು ಮುಕ್ಕಾಲು ಭಾಗ ನಿಂತಿತು. ಮಧ್ಯಾಹ್ನ ಎರಡು ಗಂಟೆಗೆ ಏಳು ಜನ, ಎಸಿ ಹಾಕಿಕೊಂಡು ಹತ್ತಿದಾಗ ಮಾತ್ರ ಸಣ್ಣಗೆ ಕೇಳಿಸಿತು. ಪುಸ್ತಕದಲ್ಲಿ ಕನಿಷ್ಠ 91, ಬಿಸಿಲು ಮತ್ತು ಭಾರಕ್ಕೆ 95 ಒಳ್ಳೆಯದು ಅಂತಿದೆ. ಟ್ಯಾಂಕ್ ಖಾಲಿ ಮಾಡಿಕೊಂಡು ಎರಡು ಸಲ 95 ತುಂಬಿಸಿದೆ. ಅದೇ ಏರು, ಅದೇ ಹೊತ್ತು, ಅಷ್ಟೇ ಜನ. ಸದ್ದು ಇಲ್ಲವೇ ಇಲ್ಲ. ಮೈಲೇಜ್ ಮಾತ್ರ ಇದ್ದಷ್ಟೇ ಇದೆ.

ಮಳೆ ಬರುವ ತನಕ ಸಂಡೂರಿಗೆ ಹೊರಟ ದಿನ 95, ಊರೊಳಗೆ 91 ಅಂತ ಇಟ್ಟುಕೊಂಡಿದ್ದೇನೆ. ಗಂಗಾವತಿ ಅಣ್ಣ, ಆಯಿಲ್ ಡಬ್ಬಿ ಮೇಲೆ ನೀವು ಹೇಳಿದ ಎಸ್‌ಪಿ ಇಲ್ಲ, ಎಸ್‌ಎನ್ ಅಂತ ಇದೆ. ಮುಂದಿನ ಸರ್ವಿಸ್‌ಗೆ ಇನ್ನೂ 2,000 ಕಿಲೋಮೀಟರ್ ಇದೆ, ಅಲ್ಲಿ ತನಕ ಕಾಯಬಹುದಾ, ಈಗಲೇ ಬದಲಾಯಿಸಲಾ?